ಸೂರ್ಯನನ್ನು ಅನುಕರಿಸುವ ದೀಪಗಳು

ಸೀರೆಗೆ ಹೊಂದುವ ರವಿಕೆಯ ಬಟ್ಟೆಯನ್ನು ಕೊಳ್ಳುವವರು ಎರಡನ್ನೂ ಅಂಗಡಿಯ ಬಾಗಿಲಿಗೆ ತಂದು ಹಗಲಿನಲ್ಲಿ ನೋಡುವುದನ್ನು ತಾವು ಬಲ್ಲಿರಿ. ಒಳಗಿನ ದೀಪದಲ್ಲಿ ಒಂದೇ ಎಂದು ತೋರಿದ ಬಣ್ಣಗಳು ಹೊರಗೆ ಬೇರೆಯಾಗಿ ಕಾಣುವುದುಂಟು. ಇದಕ್ಕೆ ಕಾರಣವೇನು? ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಬಟ್ಟೆಯು ಹಿಂದಿರುಗಿಸಲಾರದು. ಸೂರ್ಯಪ್ರಕಾಶದಲ್ಲಾದರೋ ನೇರಿಳೆಯಿಂದ ಕೆಂಪಿನವರೆಗೆ ಎಲ್ಲ ಬಣ್ಣಗಳೂ ಸೇರಿವೆ. ಅವುಗಳಾಚೆಗೆ ಕಣ್ಣಿಗೆ ಕಾಣದ ಅತಿನೇರಿಳೆ, ಅವಕೆಂಪು ಕಿರಣಗಳೂ ಇವೆ. ಇವೆಲ್ಲವನ್ನೂ ಅದೇ ಪ್ರಮಾಣದಲ್ಲಿ ಕೊಡುವ ದೀಪವನ್ನು ಮಾಡುವುದು ಕಷ್ಟ. ಎಲ್ಲೆಡೆಯೂ ಅದರ ಅಗತ್ಯವೂ ಇಲ್ಲ. ಆಯಾ ಕೆಲಸಕ್ಕೆ ಬೇಕಾದ ಕಿರಣವನ್ನು ಕೊಟ್ಟರೆ ಸಾಕು.

ಬಟ್ಟೆಯ ಗಿರಣಿಗಳಲ್ಲಿ ಬಣ್ಣ ಹೊಂದಿಸುವವರಿಗೆ ಬೇಕಾದುದು ಹಗಲಿನ ಬಿಳುಪು. ಅದಕ್ಕಾಗಿ ಸುಮಾರು 6500 ಕೆಲ್ವಿನ್ ವರ್ಣತಾಪದ 'ಡಿ65' ಎಂಬ ಅಂತರರಾಷ್ಟ್ರೀಯ ಮಾನವುಂಟು. ಸೌರವಿದ್ಯುತ್ ಫಲಕಗಳನ್ನು ಪರೀಕ್ಷಿಸುವವರಿಗೆ ಬಣ್ಣದೊಡನೆ ಬಲವೂ ಬೇಕು. ಅವರು ಕ್ಸೆನಾನ್ ಮೊದಲಾದ ದೀಪಗಳಿಂದ ಚದರ ಮೀಟರಿಗೆ 1000 ವಾಟಿನಷ್ಟು ಬೆಳಕನ್ನು ಫಲಕದ ಮೇಲೆ ಬೀಳಿಸುತ್ತಾರೆ.

ವೈದ್ಯದಲ್ಲಿ ಈ ವಿವೇಚನೆ ಇನ್ನೂ ಮುಖ್ಯ. ಕೋಪನ್‌ಹೇಗನ್ನಿನ ಫಿನ್ಸೆನ್ನರು ಇಂಗಾಲದ ಚಾಪದೀಪದಿಂದ ಚರ್ಮದ ಕ್ಷಯವನ್ನು ಗುಣಪಡಿಸಿ 1903ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿಯವರು ಪಾದರಸದ ದೀಪದ ಅತಿನೇರಿಳೆ ಕಿರಣಗಳಿಂದ ಮಕ್ಕಳ ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗವು ವಾಸಿಯಾಗುವುದನ್ನು ತೋರಿಸಿದರು. ಚರ್ಮದಲ್ಲಿ 'ಡಿ' ಜೀವಸತ್ತ್ವವು ಹುಟ್ಟುವುದು ಆ ಕಿರಣಗಳಿಂದಲೇ.

ನವಜಾತ ಶಿಶುವಿನ ಕಾಮಾಲೆಗೆ ಬೇಕಾದ ಕಿರಣವೇ ಬೇರೆ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ವಾರ್ಡ್ ಅವರು ಬಿಸಿಲಿಗೆ ಒಯ್ದ ಕೂಸಿನ ಮೈಯಲ್ಲಿ ಬಟ್ಟೆ ಮುಚ್ಚಿದ್ದ ಭಾಗವೊಂದೇ ಹಳದಿಯಾಗಿ ಉಳಿದುದನ್ನು ಕಂಡರು. ಅಲ್ಲಿಯ ವೈದ್ಯರು 1958ರಲ್ಲಿ ನೀಲಿ ದೀಪದ ಚಿಕಿತ್ಸೆಯನ್ನು ಪ್ರಕಟಿಸಿದರು. ನೀಲಿ ಬೆಳಕು ರಕ್ತದ ಬಿಲಿರುಬಿನ್ನನ್ನು ದೇಹವು ಹೊರಹಾಕಬಲ್ಲ ರೂಪಕ್ಕೆ ತಿರುಗಿಸುತ್ತದೆ. ಬಿಲಿರುಬಿನ್ ಮಿತಿಮೀರಿ ಏರಿದರೆ ಮಿದುಳಿಗೇ ಶಾಶ್ವತ ಹಾನಿಯಾದೀತು. ಆದುದರಿಂದ ಕೂಸನ್ನು ಎಳೆಬಿಸಿಲಿಗೆ ಹಿಡಿದು ದಿನಗಳೆಯುವುದು ತರವಲ್ಲ. ಬಿಸಿಲಿನಲ್ಲಿ ನೀಲಿಯ ಪ್ರಮಾಣಕ್ಕೆ ಅಳತೆಯಿಲ್ಲ, ಅತಿನೇರಿಳೆಗೆ ತಡೆಯಿಲ್ಲ. ಆಸ್ಪತ್ರೆಯಲ್ಲಾದರೆ ರಕ್ತವನ್ನು ಪರೀಕ್ಷಿಸಿ, ಕಣ್ಣನ್ನು ಮುಚ್ಚಿ, ಬೇಕಾದಷ್ಟೇ ಬೆಳಕನ್ನು ಕೊಡುತ್ತಾರೆ.

ಮೈಬಣ್ಣವನ್ನು ಕಂದಿಸಿಕೊಳ್ಳಲು ಪಾಶ್ಚಾತ್ಯರು ಬಳಸುವ ದೀಪಗಳೂ ಅತಿನೇರಿಳೆಯವೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾಂಗವು 2009ರಲ್ಲಿ ಅವು ಮನುಷ್ಯನಿಗೆ ಕ್ಯಾನ್ಸರ್ ತರುವುವೆಂದು ನಿರ್ಣಯಿಸಿತು. ಹೀಗಿರುವುದರಿಂದ, ದೀಪವೊಂದು ಸೂರ್ಯನಂತಿದೆ ಎಂದು ಮಾರುವವನು ಹೇಳಿದರೆ, ಅದು ಸೂರ್ಯನ ಯಾವ ಕಿರಣವನ್ನು, ಎಷ್ಟರಮಟ್ಟಿಗೆ ಕೊಡುತ್ತದೆ ಎಂದು ಮೊದಲು ಕೇಳುವುದು ಕ್ಷೇಮ.