ಯಾರಿಗೆ, ಎಷ್ಟು, ಯಾವುದರ ಬದಲಿಗೆ?

ಕ್ಯಾರೆಟ್ಟಿಗೆ ಕೇಸರಿ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಮೇಲೆ 1980ರ ದಶಕದಲ್ಲಿ ವೈದ್ಯವಿಜ್ಞಾನಿಗಳು ಬಹಳ ಭರವಸೆ ಇಟ್ಟಿದ್ದರು. ಹಣ್ಣು ತರಕಾರಿ ಧಾರಾಳವಾಗಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಸಮೀಕ್ಷೆಗಳು ಹೇಳಿದ್ದವು. ರಕ್ತದಲ್ಲಿ ಬೀಟಾ ಕ್ಯಾರೊಟಿನ್ ಹೆಚ್ಚಿದ್ದವರಲ್ಲೂ ಹಾಗೆಯೇ ಕಂಡಿತ್ತು. ಅದು ಜೀವಕೋಶಗಳನ್ನು ಆಕ್ಸಿಡೀಕರಣದ ಹಾನಿಯಿಂದ ಕಾಯಬಲ್ಲದು ಎಂಬ ವಿವರಣೆಯೂ ಸಿದ್ಧವಿತ್ತು. ಇಷ್ಟಾದ ಮೇಲೆ ಅದನ್ನೇ ಮಾತ್ರೆ ಮಾಡಿ ಕೊಟ್ಟರಾಯಿತಲ್ಲ? ರಿಚರ್ಡ್ ಪೀಟೊ ಮತ್ತು ಸಂಗಡಿಗರು 1981ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಸಾಧ್ಯತೆಯನ್ನು ಚರ್ಚಿಸಿ, ಜನರ ಮೇಲೆ ಪ್ರಯೋಗ ಮಾಡಿಯೇ ತಿಳಿಯಬೇಕು ಎಂದರು. ಫಿನ್‌ಲೆಂಡಿನಲ್ಲಿ ಅದು ನಡೆಯಿತು. 50ರಿಂದ 69 ವರ್ಷದ, ಸಿಗರೇಟಿನ ಚಟವಿದ್ದ 29,133 ಗಂಡಸರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಕೆಲವರಿಗೆ ದಿನವೂ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಉಳಿದವರಿಗೆ ಅದಿಲ್ಲದ ಮಾತ್ರೆ ಕೊಟ್ಟು ಐದರಿಂದ ಎಂಟು ವರ್ಷ ನೋಡಿದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು.

ಇದು ಆಕಸ್ಮಿಕವಿರಬಹುದು ಎಂದು ಅನೇಕರು ಅಂದುಕೊಂಡರು. ಆದರೆ ಅಮೆರಿಕದಲ್ಲಿ ಸಿಗರೇಟು ಸೇದುವವರು ಮತ್ತು ಕಲ್ನಾರಿನ ಕೆಲಸಗಾರರು ಸೇರಿ 18,314 ಜನರ ಮೇಲೆ ಇಂಥದೇ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅಲ್ಲಿ ಬೀಟಾ ಕ್ಯಾರೊಟಿನ್ ಜೊತೆಗೆ ಎ ಜೀವಸತ್ವವನ್ನೂ ಕೊಡುತ್ತಿದ್ದರು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು, ಒಟ್ಟು ಸಾವು ಶೇ 17ರಷ್ಟು ಹೆಚ್ಚು ಕಂಡಿದ್ದರಿಂದ 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ, ಅದನ್ನು ನಿಲ್ಲಿಸಬೇಕಾಯಿತು. ಕ್ಯಾರೆಟ್ ತಿನ್ನುವವರು ಚೆನ್ನಾಗಿದ್ದರು ಎಂಬುದು ಸುಳ್ಳಾಗಿರಲಿಲ್ಲ. ಅವರು ಚೆನ್ನಾಗಿದ್ದದ್ದು ಆ ಒಂದು ವಸ್ತುವಿನಿಂದ ಎಂಬ ಊಹೆ ಸುಳ್ಳಾಯಿತು. ತರಕಾರಿಯಲ್ಲಿ ನೂರಾರು ವಸ್ತುಗಳಿವೆ, ನಾರಿದೆ. ತರಕಾರಿ ಹೆಚ್ಚು ತಿನ್ನುವವರು ಬೇರೆ ಏನನ್ನೋ ಕಡಿಮೆ ತಿನ್ನುತ್ತಾರೆ, ಬಹುಶಃ ಸಿಗರೇಟನ್ನೂ ಕಡಿಮೆ ಸೇದುತ್ತಾರೆ. ಮಾತ್ರೆಯಲ್ಲಿ ಇವಾವುವೂ ಬರುವುದಿಲ್ಲ. ಆ ಒಂದು ವಸ್ತು ಮಾತ್ರ, ಊಟದಲ್ಲಿ ಸಾಮಾನ್ಯವಾಗಿ ಸಿಗುವ ಪ್ರಮಾಣದ ಹಲವು ಪಟ್ಟು ಬರುತ್ತದೆ.

ನಮ್ಮ ಮೊಬೈಲುಗಳಿಗೆ ದಿನವೂ ಬಂದು ಬೀಳುವ ಆರೋಗ್ಯದ ಸಂದೇಶಗಳನ್ನು ಈ ಹಿನ್ನೆಲೆಯಲ್ಲಿ ಓದಿ ನೋಡಿ. ಇಂಥ ಆಹಾರದಲ್ಲಿ ಇಂಥ ಅಂಶವಿದೆ, ಆ ಅಂಶ ದೇಹದಲ್ಲಿ ಇಂಥ ಕೆಲಸ ಮಾಡುತ್ತದೆ, ಆದ್ದರಿಂದ ಇದನ್ನು ತಿಂದರೆ ಇಂಥ ರೋಗ ಬರುವುದಿಲ್ಲ. ಮೊದಲ ಎರಡು ಮಾತು ಎಷ್ಟೋ ಸಲ ನಿಜವೇ ಆಗಿರುತ್ತವೆ, ಅದಕ್ಕೇ ಮೂರನೆಯದನ್ನೂ ನಂಬಿಬಿಡುತ್ತೇವೆ. ಆದರೆ ‘ಆದ್ದರಿಂದ’ ಎಂಬುದಕ್ಕೆ ಬೇರೆಯೇ ಪುರಾವೆ ಬೇಕು. ಅರಿಶಿನವನ್ನೇ ತೆಗೆದುಕೊಳ್ಳಿ. ಅದರ ಕರ್ಕ್ಯುಮಿನ್ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಉರಿಯೂತವನ್ನು ತಗ್ಗಿಸುತ್ತದೆ, ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತದೆ. ಆದರೆ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಸುಮಾರು ಮೂರು ಪಾಲು, ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಅಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಎರಡು ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಹೆಚ್ಚುಕಡಿಮೆ ಕಾಣಲೇ ಇಲ್ಲ. ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ದೇಹಕ್ಕೆ ದಕ್ಕುವ ಪ್ರಮಾಣ ಇಪ್ಪತ್ತು ಪಟ್ಟು ಏರಿತು. ಇಂದು ಜಗತ್ತಿನಾದ್ಯಂತ ಮಾರಾಟವಾಗುವ ಅರಿಶಿನದ ಎಷ್ಟೋ ಮಾತ್ರೆಗಳಲ್ಲಿ ಮೆಣಸಿನ ಸಾರ ಇರುವುದಕ್ಕೆ ಈ ಅಧ್ಯಯನವೇ ಆಧಾರ. ಆದರೆ ಆ ಸಂಶೋಧಕರು ಅಳೆದದ್ದು ರಕ್ತದಲ್ಲಿ ಎಷ್ಟು ಸೇರಿತು ಎಂಬುದನ್ನು ಮಾತ್ರ. ರೋಗ ವಾಸಿಯಾಯಿತೇ ಎಂಬುದು ಅಲ್ಲಿನ ಪ್ರಶ್ನೆಯೇ ಆಗಿರಲಿಲ್ಲ. ‘ಇಪ್ಪತ್ತು ಪಟ್ಟು’ ಎಂಬ ಮಾತು ಜಾಹೀರಾತಿಗೆ ಇಳಿಯುವಾಗ ಈ ವ್ಯತ್ಯಾಸ ದಾರಿಯಲ್ಲೇ ಉದುರಿಹೋಗುತ್ತದೆ.

ಇಂಥ ಪೂರಕ ಮಾತ್ರೆಗಳ ವಿಷಯದಲ್ಲಿ ಇನ್ನೊಂದು ಭ್ರಮೆಯೂ ಇದೆ. ಅವನ್ನು ತಪ್ಪದೆ ಕೊಂಡು ತಿನ್ನುವವರು ಸಾಮಾನ್ಯವಾಗಿ ಬೆಳಿಗ್ಗೆ ನಡೆಯುವವರು, ರಕ್ತ ಪರೀಕ್ಷೆ ಮಾಡಿಸಿಕೊಳ್ಳುವವರು, ಕೈಯಲ್ಲಿ ನಾಲ್ಕು ಕಾಸು ಇರುವವರು. ಅವರ ಆರೋಗ್ಯ ಇತರರಿಗಿಂತ ಚೆನ್ನಾಗಿದ್ದರೆ ಅದರ ಕೀರ್ತಿಯನ್ನು ಮಾತ್ರೆಗೆ ಕೊಡುವಂತಿಲ್ಲ. 1993ರಲ್ಲಿ ಅಮೆರಿಕದ ದಾದಿಯರ ದೊಡ್ಡ ಅಧ್ಯಯನದಲ್ಲಿ ಇ ಜೀವಸತ್ವದ ಮಾತ್ರೆ ತಿನ್ನುವವರಿಗೆ ಹೃದ್ರೋಗ ಕಡಿಮೆ ಎಂದು ಕಂಡಿತ್ತು. 2000ದಲ್ಲಿ ಪ್ರಕಟವಾದ, 9,541 ಜನರನ್ನು ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲೆಂದು ಅದೇ ಮಾತ್ರೆ ಕೊಟ್ಟ ಮತ್ತೊಂದು ಪ್ರಯೋಗದ 2011ರ ವರದಿಯಲ್ಲಿ ಆ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು. ಈಗ ಮನೆಮಾತಾಗಿರುವ ಡಿ ಜೀವಸತ್ವದ್ದೂ ಇದೇ ಜಾಡು: 25,871 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಮಾನ್ಯ ಆರೋಗ್ಯವಂತರಿಗೆ ದಿನವೂ ಅದನ್ನು ಕೊಟ್ಟರೂ ಕ್ಯಾನ್ಸರ್ ಆಗಲಿ ಹೃದಯಾಘಾತ, ಪಾರ್ಶ್ವವಾಯುಗಳಾಗಲಿ ಗಮನಾರ್ಹವಾಗಿ ತಗ್ಗಲಿಲ್ಲ.

ಹಾಗಾದರೆ ಮಾತ್ರೆಗಳೆಲ್ಲ ದಂಡವೇ? ಖಂಡಿತ ಅಲ್ಲ. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ಮನೆಮನೆಯ ರೋಗವಾಗಿತ್ತು. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಆ ಕಣಿವೆಯನ್ನು ವಲಯಗಳಾಗಿ ವಿಂಗಡಿಸಿ, ಕೆಲವಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಸರಬರಾಜು ಮಾಡಿಸಿದರು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಗಳಗಂಡ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಸಾದಾ ಉಪ್ಪಿನ ಕಡೆ ಇಳಿಯಲಿಲ್ಲ. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿರುವುದರ ಹಿಂದೆ ಈ ಕೆಲಸವಿದೆ. ಫೋಲಿಕ್ ಆಮ್ಲದ ಕಥೆ ಇನ್ನೂ ಸ್ಪಷ್ಟ. ಹಿಂದೆ ಮೆದುಳು, ಬೆನ್ನುಹುರಿಯ ಹುಟ್ಟುದೋಷವಿದ್ದ ಮಗುವನ್ನು ಗರ್ಭದಲ್ಲಿ ಹೊತ್ತಿದ್ದ ತಾಯಂದಿರಿಗೆ ಮುಂದಿನ ಬಸಿರಿಗೆ ಮೊದಲಿನಿಂದಲೇ ಆ ಮಾತ್ರೆ ಕೊಟ್ಟಾಗ, ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತು ಎಂದು 1991ರಲ್ಲಿ ಪ್ರಕಟವಾದ, ಏಳು ದೇಶಗಳ ಪ್ರಯೋಗ ತೋರಿಸಿತು. ಬಿ12 ನಮ್ಮಲ್ಲಿ ಬಹಳ ಜನರಿಗೆ ಸಂಬಂಧಿಸಿದ್ದು. ಸೊಪ್ಪು, ಕಾಳು, ಧಾನ್ಯಗಳಲ್ಲಿ ಅದು ಇಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ. ಹಾಲೂ ಕಡಿಮೆ ಕುಡಿಯುವ ಸಸ್ಯಾಹಾರಿಗೆ, ಮಧುಮೇಹಕ್ಕೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಿಗೆ ಈ ಕೊರತೆ ನಿಜವಾದ ಅಪಾಯ. ಇಂಥವರಿಗೆ ಸಸ್ಯಮೂಲದ್ದೆಂದು ಸ್ಪಿರುಲಿನಾ ಮಾರುವವರೂ ಇದ್ದಾರೆ. ಅದರಲ್ಲಿರುವ ಬಹುಪಾಲು ಬಿ12 ನಮ್ಮ ದೇಹ ಬಳಸಲಾಗದ ರೂಪದ್ದು.

ಗೆದ್ದ ಮಾತ್ರೆಗಳಿಗೂ ಸೋತ ಮಾತ್ರೆಗಳಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅಯೋಡಿನ್ ಗೆದ್ದದ್ದು ಅದು ಇಲ್ಲದ ಜನರ ನಡುವೆ. ಬೀಟಾ ಕ್ಯಾರೊಟಿನ್ ಸೋತದ್ದು ಅದರ ಕೊರತೆ ಇದೆಯೇ ಎಂದು ನೋಡದೆ ಸುರಿದಾಗ. ಒಳ್ಳೆಯತನ ವಸ್ತುವಿನ ಒಳಗೆ ಕೂತಿಲ್ಲ. ತಿನ್ನುವವರು ಯಾರು, ಎಷ್ಟು ತಿನ್ನುತ್ತಾರೆ, ಯಾವುದನ್ನು ಬಿಟ್ಟು ಇದನ್ನು ತಿನ್ನುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ರಾಗಿಗೂ ಈ ಮಾತು ಅನ್ವಯಿಸುತ್ತದೆ, ಹಾಗೆಂದರೆ ಹಳೇ ಮೈಸೂರಿನ ಕಡೆಯವರು ಮುನಿಯಬಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತೂ ಇಲ್ಲ. ಆದರೆ ರಾಗಿಯ ಫೈಟಿಕ್ ಆಮ್ಲ ಆ ಕ್ಯಾಲ್ಸಿಯಂನ ಒಂದು ಭಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಮಾಡಿದ ಹಿಟ್ಟಿನಲ್ಲಿ ಆ ಹಿಡಿತ ಸಡಿಲಗೊಳ್ಳುತ್ತದೆ. ಸಕ್ಕರೆ ಕಾಯಿಲೆಯವರಿಗೆ ರಾಗಿ ಒಳ್ಳೆಯದೇ ಎಂದರೆ, ಎರಡು ತಟ್ಟೆ ಬಿಳಿ ಅನ್ನದ ಬದಲು ಸಣ್ಣದೊಂದು ಮುದ್ದೆ, ಜೊತೆಗೆ ಧಾರಾಳ ಸೊಪ್ಪುಸಾರು ಆದರೆ ಒಳ್ಳೆಯದು. ಅನ್ನವನ್ನೂ ಬಿಡದೆ ಅದರ ಮೇಲೆ ಎರಡು ಮುದ್ದೆ ಇಳಿಸಿದರೆ ಅದೂ ಪಿಷ್ಟವೇ. ಇನ್ನು ರಾಗಿ ಬಿಸ್ಕತ್ತು: ಪೊಟ್ಟಣದ ಹಿಂದೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನು. ಮೈದಾ, ಸಕ್ಕರೆ, ಎಣ್ಣೆ ಮೊದಲು ಬಂದು ರಾಗಿ ಕೊನೆಯಲ್ಲಿದ್ದರೆ ಅದು ರಾಗಿಯ ಹೆಸರಿಟ್ಟುಕೊಂಡ ಮೈದಾ ಬಿಸ್ಕತ್ತು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ನಮ್ಮ ಹಿರಿಯರದು. ತಲೆತಲಾಂತರದಿಂದ ತಿಂದು ಬಂದದ್ದಕ್ಕೆ ಪ್ರಯೋಗಶಾಲೆಯ ಸರ್ಟಿಫಿಕೇಟು ಯಾಕೆ? ಈ ಮಾತಿನಲ್ಲಿ ತೂಕವಿದೆ. ಅಡುಗೆಯಲ್ಲಿ ಬಳಸುವಷ್ಟು ಅರಿಶಿನ, ಶುಂಠಿ, ಮೆಂತ್ಯ ಅಪಾಯವಲ್ಲ ಎಂಬುದಕ್ಕೆ ಪರಂಪರೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಪರಂಪರೆ ಸಾಕ್ಷಿ ಹೇಳುವುದು ಚಿಟಿಕೆ ಅರಿಶಿನದ ಪರವಾಗಿ. ಸಾರ ಹಿಂಡಿ, ಪೈಪರಿನ್ ಬೆರೆಸಿ, ಒತ್ತಾಗಿ ತುಂಬಿದ ಮಾತ್ರೆಯನ್ನು ನಮ್ಮ ಯಾವ ಅಜ್ಜಿಯೂ ತಿಂದಿರಲಿಲ್ಲ. ನಿಧಾನವಾಗಿ ಬರುವ ಹಾನಿಯನ್ನು ಗುರುತಿಸುವುದೂ ಪರಂಪರೆಗೆ ಕಷ್ಟ. ಮಧ್ಯ ಭಾರತದಲ್ಲಿ ತಲೆಮಾರುಗಳಿಂದ ತಿಂದ ಕೇಸರಿ ಬೇಳೆ, ಬರಗಾಲದಲ್ಲಿ ಬೇರೆ ಧಾನ್ಯವಿಲ್ಲದೆ ಅದೇ ಮುಖ್ಯ ಊಟವಾದಾಗ ಜನರ ಕಾಲುಗಳನ್ನು ಶಾಶ್ವತವಾಗಿ ಊನಗೊಳಿಸುತ್ತಿತ್ತು. ಒಂದಿಷ್ಟು ತಿಂದಾಗ ಏನೂ ಆಗದಿದ್ದರಿಂದ ಅದರ ಮೇಲೆ ಸುಲಭಕ್ಕೆ ಅನುಮಾನವೂ ಬರುತ್ತಿರಲಿಲ್ಲ.

ಎರಡನೆಯ ಆಕ್ಷೇಪ ವಿಜ್ಞಾನಿಗಳ ಮೇಲೆಯೇ. ಮೊಟ್ಟೆ ಒಮ್ಮೆ ವಿಷ, ಒಮ್ಮೆ ಅಮೃತ. ಇವರ ಮಾತು ನಂಬುವುದಾದರೂ ಹೇಗೆ? ಮೊಟ್ಟೆಯ ಮೇಲಿನ ದೂರು ಅದರ ಕೊಲೆಸ್ಟರಾಲಿನದು; ದಿನಕ್ಕೆ 300 ಮಿಲಿಗ್ರಾಂ ಮೀರಿ ಅದನ್ನು ತಿನ್ನಬಾರದು ಎಂಬ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ ಕೈಬಿಟ್ಟದ್ದು 2015ರ ಆವೃತ್ತಿಯಲ್ಲಿ. ಇದು ಚಂಚಲತೆಯಲ್ಲ: ತಿಂದ ಕೊಲೆಸ್ಟರಾಲಿಗಿಂತ ಸ್ಯಾಚುರೇಟೆಡ್ ಕೊಬ್ಬು ರಕ್ತದ ಕೊಲೆಸ್ಟರಾಲನ್ನು ಹೆಚ್ಚು ಏರಿಸುತ್ತದೆ ಎಂಬ ಪುರಾವೆ ಗಟ್ಟಿಯಾಗಿತ್ತು. ಊಟದ ಮೇಲೆ ಪ್ರಯೋಗ ಮಾಡುವುದು ಮಾತ್ರೆಯಷ್ಟು ಸುಲಭವಲ್ಲ ಎಂಬುದನ್ನೂ ಒಪ್ಪಬೇಕು. ಇಪ್ಪತ್ತು ವರ್ಷ ಒಬ್ಬರಿಗೆ ಮುದ್ದೆ, ಇನ್ನೊಬ್ಬರಿಗೆ ಅನ್ನ ಎಂದು ಕಟ್ಟಿಹಾಕಲು ಯಾರಿಂದಲೂ ಆಗದು. ಆದರೂ ಕೆಲವರು ಪ್ರಯತ್ನಿಸಿದ್ದಾರೆ. ಆಲಿವ್ ಎಣ್ಣೆ, ಬಾದಾಮಿ ವಾಲ್‌ನಟ್‌ಗಳಿರುವ ಮೆಡಿಟರೇನಿಯನ್ ಊಟದ ಮೇಲೆ ಸ್ಪೇನಿನಲ್ಲಿ 7,447 ಜನರೊಂದಿಗೆ ಪ್ರಯೋಗ ನಡೆದು 2013ರಲ್ಲಿ ಪ್ರಕಟವಾಯಿತು. ಜನರನ್ನು ಗುಂಪುಗಳಿಗೆ ಹಂಚಿದ ರೀತಿಯಲ್ಲಿ ದೋಷ ಸಿಕ್ಕಿದಾಗ ಲೇಖಕರು ವರದಿಯನ್ನು ಹಿಂತೆಗೆದುಕೊಂಡು, ಮತ್ತೆ ಲೆಕ್ಕ ಹಾಕಿ 2018ರಲ್ಲಿ ಪ್ರಕಟಿಸಿದರು. ಹೃದಯಾಘಾತ, ಪಾರ್ಶ್ವವಾಯುವಿನಂಥ ಘಟನೆಗಳು ಸುಮಾರು ಶೇ 30ರಷ್ಟು ಕಡಿಮೆ ಎಂಬ ಫಲಿತಾಂಶ ನಿಂತಿತು, ಆದರೆ ಹೇಳುವ ಧ್ವನಿ ಹೆಚ್ಚು ಎಚ್ಚರದ್ದಾಯಿತು. ತನ್ನ ತಪ್ಪನ್ನು ಹೀಗೆ ಅಚ್ಚುಮಾಡಿ ತಿದ್ದಿಕೊಂಡ ಒಂದು ಜಾಹೀರಾತನ್ನು ಯಾರಾದರೂ ತೋರಿಸಲಿ.

ಕೊನೆಯದಾಗಿ, ‘ತಿಂದರೆ ಗಂಟೇನು ಹೋಗುತ್ತದೆ?’ ಎಂಬ ವಾದ. ಮೊದಲು ಗಂಟೇ ಹೋಗುತ್ತದೆ. ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 70ರಷ್ಟರ ಪ್ರೋಟೀನ್ ಮಾಹಿತಿ ಸರಿಯಿರಲಿಲ್ಲ. ಕೆಲವದರಲ್ಲಿ ಡಬ್ಬಿಯ ಮೇಲೆ ಬರೆದದ್ದರ ಅರ್ಧದಷ್ಟೇ ಇತ್ತು. ಎರಡನೆಯದಾಗಿ ಯಕೃತ್ತು. ಇಟಲಿಯಲ್ಲಿ 2019ರಲ್ಲಿ ಅರಿಶಿನದ ಪೂರಕಗಳನ್ನು ತಿಂದವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ವರದಿಯಾಗಿ, ಅಲ್ಲಿನ ಆರೋಗ್ಯ ಇಲಾಖೆ ಎಚ್ಚರಿಕೆ ಕೊಡಬೇಕಾಯಿತು. ಬಸುರಿಯರು ಎ ಜೀವಸತ್ವವನ್ನು ಅತಿಯಾಗಿ ನುಂಗಿದರೆ ಮಗುವಿನ ಬೆಳವಣಿಗೆಗೇ ಅಪಾಯ. ಎಲ್ಲಕ್ಕಿಂತ ಮೌನವಾಗಿ ನಡೆಯುವ ನಷ್ಟವೆಂದರೆ, ಕಷಾಯವನ್ನೋ ಪುಡಿಯನ್ನೋ ನಂಬಿ ರಕ್ತದೊತ್ತಡದ ಗುಳಿಗೆ ನಿಲ್ಲಿಸುವುದು.

ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಇಂಥ ಪೂರಕಗಳ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಸಾಲು ಇರಲೇಬೇಕು. ಮುಂದಿನ ಸಲ ಕೊಳ್ಳುವ ಮುನ್ನ ಆ ಸಾಲನ್ನು ಹುಡುಕಿ ಓದಿ. ಸುಸ್ತು, ಕೈಕಾಲು ಜೋಮು ಎಂದಿದ್ದರೆ ಪುಡಿಗೆ ಹಣ ಸುರಿಯುವ ಮೊದಲು ಹಿಮೋಗ್ಲೋಬಿನ್, ಬಿ12, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಈಗಾಗಲೇ ಏನಾದರೂ ತಿನ್ನುತ್ತಿದ್ದರೆ ಅದರ ಡಬ್ಬಿಯನ್ನೂ ಜೊತೆಗೆ ಒಯ್ದು ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ಇದನ್ನು ಮರೆಯಲೇಬಾರದು. ಇ ಜೀವಸತ್ವ ಮತ್ತು ಅರಿಶಿನದ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು.