ಚಿಟ್ಟೆಯ ರೆಕ್ಕೆಗೆ ನಂಬರ್ ಹಚ್ಚಿ ಬಂದೆ

ತೋಟ ಬಿಟ್ಟು ಒಂದು ತಿಂಗಳು ದೂರ ಕೂರುವುದೆಂದರೆ ನಮ್ಮಂಥವರಿಗೆ ಸುಲಭವಲ್ಲ. ಆದರೂ ಮಗಳ ಒತ್ತಾಯಕ್ಕೆ 2023ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯಕ್ಕೆ ಹೋಗಿಬಂದೆ. ಹೋದವರೆಲ್ಲ ಎತ್ತರದ ಕಟ್ಟಡ, ಜಲಪಾತದ ಕತೆ ಹೇಳುತ್ತಾರೆ. ನಾನು ಮಾತ್ರ ಚಿಟ್ಟೆ ಹಿಡಿದು, ರೆಕ್ಕೆಗೆ ಸ್ಟಿಕ್ಕರ್ ಅಂಟಿಸಿ ಬಂದೆ! "ಈ ಪ್ರಾಯಕ್ಕೆ ಇದೆಂಥ ಕೆಲಸ ಮಾರಾಯ್ರೇ" ಅಂತ ನೆರೆಯವರು ನಕ್ಕರು. ನಗಲಿ. ಆ ಕೆಲಸದಿಂದಾಗಿ ನನ್ನ ತೋಟದ ಬದಿಯನ್ನು ನಾನು ನೋಡುವ ರೀತಿಯೇ ಬದಲಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮುತ್ತಜ್ಜ ಹೊರಟ ಕಾಡಿಗೆ ಮರಿಮಗ

ಚಿಟ್ಟೆಯ ಹೆಸರು ಮೊನಾರ್ಕ್. ಕಿತ್ತಳೆ ಬಣ್ಣ, ಕಪ್ಪು ಗೆರೆ, ಅಂಚಿನಲ್ಲಿ ಬಿಳಿ ಚುಕ್ಕೆ. ನಮ್ಮ ಎಕ್ಕದ ಗಿಡದ ಸುತ್ತ ಹಾರುವ ಕಿತ್ತಳೆ ಚಿಟ್ಟೆ ನೋಡಿದ್ದೀರಲ್ಲ, ಅದರ ದಾಯಾದಿ ಇದು. ಆದರೆ ಗಾತ್ರದಲ್ಲಿ ದೊಡ್ಡದು. ಇದರ ಹುಳು ತಿನ್ನುವುದು ಮಿಲ್ಕ್‌ವೀಡ್ ಎಂಬ ಗಿಡವನ್ನು ಮಾತ್ರ. ಅದೂ ಎಕ್ಕದ ಕುಟುಂಬದ್ದೇ. ಎಲೆ ಮುರಿದರೆ ಹಾಲು. ಆ ಹಾಲಿನ ವಿಷ ಹುಳುವಿನ ಮೈಯಲ್ಲಿ ಉಳಿದು ಚಿಟ್ಟೆಗೂ ಬರುತ್ತದೆ. ಒಮ್ಮೆ ತಿಂದು ವಾಂತಿ ಮಾಡಿದ ಹಕ್ಕಿ ಮತ್ತೆ ಅದರ ತಂಟೆಗೆ ಹೋಗುವುದಿಲ್ಲ.

ಕೆನಡಾದ ದಕ್ಷಿಣ ಭಾಗ ಮತ್ತು ಅಮೆರಿಕದ ಪೂರ್ವ, ಮಧ್ಯ ರಾಜ್ಯಗಳಲ್ಲಿ ಬೇಸಿಗೆ ಕಳೆಯುವ ಈ ಚಿಟ್ಟೆಗಳು ಚಳಿ ಶುರುವಾಗುವ ಮೊದಲೇ ದಕ್ಷಿಣಕ್ಕೆ ಹೊರಡುತ್ತವೆ. ತಲುಪುವುದು ಮೆಕ್ಸಿಕೋ ದೇಶದ ನಡುಭಾಗದ ಬೆಟ್ಟಗಳನ್ನು. ಸುಮಾರು ಮೂರು ಸಾವಿರ ಮೀಟರ್ ಎತ್ತರದಲ್ಲಿ ಒಯಮೆಲ್ ಎಂಬ ಮರದ ಕಾಡು. ಅದರ ಕೊಂಬೆ, ಕಾಂಡಗಳಲ್ಲಿ ಲಕ್ಷಗಟ್ಟಲೆ ಚಿಟ್ಟೆ ಜೋತುಕೊಂಡು ಚಳಿಗಾಲ ಕಳೆಯುತ್ತವೆ. ದೂರದಿಂದ ಹೊರಟವಕ್ಕೆ ನಾಲ್ಕು ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಚಿಟ್ಟೆಯ ತೂಕ ಎಷ್ಟು? ಅರ್ಧ ಗ್ರಾಮು!

ಇನ್ನೊಂದು ವಿಚಿತ್ರ ಕೇಳಿ. ಮಾರ್ಚ್ ಹೊತ್ತಿಗೆ ಮೆಕ್ಸಿಕೋ ಬಿಟ್ಟ ಚಿಟ್ಟೆ ಟೆಕ್ಸಾಸಿನ ಸುತ್ತಮುತ್ತ ಮೊಟ್ಟೆಯಿಟ್ಟು ಸಾಯುತ್ತದೆ. ಅದರ ಮಕ್ಕಳು, ಮೊಮ್ಮಕ್ಕಳು ಉತ್ತರಕ್ಕೆ ಸರಿಯುತ್ತಾ ಹೋಗುತ್ತವೆ. ಈ ತಲೆಮಾರುಗಳ ಆಯುಸ್ಸು ಕೆಲವೇ ವಾರ. ಮೂರನೆಯದೋ ನಾಲ್ಕನೆಯದೋ ತಲೆಮಾರು ಮಾತ್ರ ಎಂಟೊಂಬತ್ತು ತಿಂಗಳು ಬದುಕಿ ತಿರುಗಿ ಮೆಕ್ಸಿಕೋಗೆ ಹಾರುತ್ತದೆ. ಅಂದರೆ ಮುತ್ತಜ್ಜ ಹೊರಟ ಕಾಡಿಗೆ ಮರಿಮಗ ಬರುವುದು. ದಾರಿ ಹೇಳಿಕೊಡಲು ಯಾರೂ ಇಲ್ಲ. ಸೂರ್ಯನ ಸ್ಥಾನ ನೋಡಿ ದಿಕ್ಕು ಹಿಡಿಯುತ್ತದೆ. ಸೂರ್ಯ ಸರಿದಂತೆ ಲೆಕ್ಕ ತಪ್ಪದಿರಲು ಅದರ ಮೀಸೆಯಲ್ಲೇ ಒಂದು ಗಡಿಯಾರ ಇದೆಯೆಂದು ವಿಜ್ಞಾನಿಗಳು ಕಂಡಿದ್ದಾರೆ.

ಗುಟ್ಟು ಬಿಡಿಸಿದ್ದು ಚೀಟಿ

ಇವು ಎಲ್ಲಿಗೆ ಹೋಗುತ್ತವೆಂದು ಉತ್ತರದವರಿಗೆ ಬಹುಕಾಲ ಗೊತ್ತಿರಲಿಲ್ಲ. ಕೆನಡಾದ ಫ್ರೆಡ್ ಅರ್ಕ್‌ಹಾರ್ಟ್ ಮತ್ತು ಅವರ ಹೆಂಡತಿ ನೋರಾ ಇದರ ಬೆನ್ನು ಹತ್ತಿದರು. ಮೊದಮೊದಲು ಅಂಟಿಸಿದ ಕಾಗದದ ಚೀಟಿ ಮಳೆಗೆ ಉದುರಿತು. ಆಮೇಲೆ ಅಂಗಡಿಯ ಬೆಲೆಚೀಟಿಯಂಥದ್ದು ಸಿಕ್ಕಿತು. 1952ರಿಂದ ಊರೂರಿನ ಜನರನ್ನು ಸೇರಿಸಿಕೊಂಡರು. ಶಾಲೆ ಮಕ್ಕಳು, ಗೃಹಿಣಿಯರು, ರೈತರು - ಯಾರಾದರೂ ಸರಿ.

1975ರ ಜನವರಿ 2ರಂದು ಅವರ ಸಹಾಯಕರಾದ ಕೆನ್ ಬ್ರಗರ್ ಮತ್ತು ಕತಲಿನಾ ಅಗುವಾಡೊ ಮೆಕ್ಸಿಕೋದ ಬೆಟ್ಟದಲ್ಲಿ ಚಿಟ್ಟೆ ತುಂಬಿದ ಮರಗಳನ್ನು ಕಂಡರು. ಬೆಟ್ಟದ ಹಳ್ಳಿಯವರಿಗೆ ಅದು ಹೊಸತೇನಲ್ಲ, ಅವರು ತಲೆತಲಾಂತರದಿಂದ ನೋಡುತ್ತಿದ್ದದ್ದೇ. ಆದರೆ ಉತ್ತರದ ಚಿಟ್ಟೆಯೇ ಇದು ಅನ್ನುವುದಕ್ಕೆ ಪುರಾವೆ ಬೇಕಲ್ಲ? 1976ರ ಜನವರಿಯಲ್ಲಿ ಅರ್ಕ್‌ಹಾರ್ಟ್ ದಂಪತಿ ಅಲ್ಲಿಗೆ ಹೋದಾಗ ಚಿಟ್ಟೆಗಳ ಭಾರಕ್ಕೆ ಕೊಂಬೆಯೊಂದು ಮುರಿದು ಬಿತ್ತು. ಬಿದ್ದ ರಾಶಿಯಲ್ಲಿ ಚೀಟಿ ಇದ್ದ ಒಂದು ಚಿಟ್ಟೆ! ಹಿಂದಿನ ಆಗಸ್ಟಿನಲ್ಲಿ ಮಿನ್ನೆಸೋಟದಲ್ಲಿ ಒಬ್ಬ ಮೇಷ್ಟ್ರು ಮತ್ತು ಇಬ್ಬರು ಹುಡುಗರು ಹಚ್ಚಿದ ಚೀಟಿ ಅದು.

ಹಚ್ಚುವ ಕ್ರಮ

ಈಗ ಇದನ್ನು ನಡೆಸುತ್ತಿರುವುದು 1992ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಆರ್ಲಿ ಟೇಲರ್ ಆರಂಭಿಸಿದ ಮೊನಾರ್ಕ್ ವಾಚ್. ಮಗಳು ಇಪ್ಪತ್ತೈದು ಟ್ಯಾಗಿನ ಒಂದು ಹಾಳೆ ತರಿಸಿದ್ದಳು. ಲಾರೆನ್ಸ್ ಊರಿನ ಹೊರಗೆ ಅವಳ ಪರಿಚಯದ ರೈತರ ಹೊಲದಂಚಿನಲ್ಲಿ ಹಳದಿ ಹೂ ತುಂಬಿತ್ತು. ದಾರಿಖರ್ಚಿಗೆ ಮಕರಂದ ಹೀರಿ ಕೊಬ್ಬು ಕೂಡಿಸಿಕೊಳ್ಳಲು ಚಿಟ್ಟೆಗಳು ಅಲ್ಲಿಗೆ ಇಳಿಯುತ್ತವೆ.

ಬಲೆ ಬೀಸಿ ಹಿಡಿಯಬೇಕು. ನಾಲ್ಕೂ ರೆಕ್ಕೆ ಮಡಚಿ ಎರಡು ಬೆರಳಲ್ಲಿ ಹಗುರಾಗಿ ಹಿಡಿಯಬೇಕು. ಟ್ಯಾಗ್ 9 ಮಿಲಿಮೀಟರಿನ ಗುಂಡು ಸ್ಟಿಕ್ಕರ್, ತೂಕ ಚಿಟ್ಟೆಯ ಐವತ್ತರಲ್ಲೊಂದು ಪಾಲು. ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಕೈಗವಸಿನ ಆಕಾರದ ಒಂದು ಕೋಣೆ ಕಾಣುತ್ತದೆ. ಅಲ್ಲೇ ಇಟ್ಟು ಮೂರು ಸೆಕೆಂಡು ಒತ್ತಬೇಕು. ಗುರುತ್ವ ತಪ್ಪದ ಜಾಗ ಅದು, ಹಾರಲು ತೊಂದರೆಯಿಲ್ಲ. ನಂತರ ನಂಬರು, ತಾರೀಕು, ಜಾಗ, ಗಂಡೋ ಹೆಣ್ಣೋ ಬರೆದುಕೊಳ್ಳಬೇಕು. ಹಿಂದಿನ ರೆಕ್ಕೆಯ ನರದ ಮೇಲೆ ಕಪ್ಪು ಬೊಟ್ಟಿದ್ದರೆ ಗಂಡು.

ಹೇಳಲು ಸುಲಭ. ಅಡಿಕೆ ಸುಲಿದು ದಡ್ಡುಗಟ್ಟಿದ ಬೆರಳು ನನ್ನದು. ಮೊದಲನೆಯದನ್ನು ಬಿಗಿ ಹಿಡಿದು ರೆಕ್ಕೆ ಹರಿದೇಬಿಟ್ಟೆ. ಅದನ್ನು ಹೂವಿನ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎರಡನೆಯದರಿಂದ ಕೈ ಪಳಗಿತು. ಮೂರು ದಿನದಲ್ಲಿ ಇಪ್ಪತ್ತೈದೂ ಮುಗಿದವು.

ಮೆಕ್ಸಿಕೋದ ಕಾಡಿನಲ್ಲಿ ಸತ್ತುಬಿದ್ದ ಚಿಟ್ಟೆಗಳ ನಡುವೆ ಹಳ್ಳಿಯವರು ಟ್ಯಾಗ್ ಹುಡುಕುತ್ತಾರೆ. ಸಂಸ್ಥೆ ಹಣ ಕೊಟ್ಟು ಪಡೆಯುತ್ತದೆ. ಸಿಗುವುದು ಸುಮಾರು ನೂರಕ್ಕೆ ಒಂದು. ಅಷ್ಟರಲ್ಲೇ ಯಾವ ಸೀಮೆಯಿಂದ ಎಷ್ಟು ತಲುಪಿದವು, ತಡವಾಗಿ ಹೊರಟವು ಏನಾದವು ಎಂಬ ಲೆಕ್ಕ ತಿಳಿಯುತ್ತದೆ.

ನನ್ನ ತೋಟದಷ್ಟೇ ಜಾಗ!

ಕಾಡಿನಲ್ಲಿ ಚಿಟ್ಟೆ ಎಣಿಸಲಾಗದು. ಅವು ಎಷ್ಟು ಜಾಗ ತುಂಬಿವೆ ಎಂದು ಅಳೆಯುತ್ತಾರೆ. 1996-97ರ ಚಳಿಗಾಲದಲ್ಲಿ 18 ಹೆಕ್ಟೇರ್, ಅಂದರೆ 45 ಎಕ್ರೆ. ನಾನು ಟ್ಯಾಗ್ ಹಚ್ಚಿದ ವರ್ಷ, 2023-24ರಲ್ಲಿ, 0.9 ಹೆಕ್ಟೇರ್. ಎರಡೂಕಾಲು ಎಕ್ರೆ! ನನ್ನ ತೋಟ ಇರುವುದು ಎರಡೂವರೆ ಎಕ್ರೆ. ಅರ್ಧ ಖಂಡದ ಚಿಟ್ಟೆಯೆಲ್ಲ ನನ್ನ ತೋಟದೊಳಗೆ ಹಿಡಿಸುತ್ತಿತ್ತು. ಮರುವರ್ಷ 1.79 ಹೆಕ್ಟೇರಿಗೆ ಏರಿತು. ಆದರೂ ಹಳೆಯ ಲೆಕ್ಕದ ಹತ್ತನೇ ಒಂದು ಪಾಲು.

ಕಾರಣ ಒಂದೇ ಅಲ್ಲ. ಮೆಕ್ಸಿಕೋದಲ್ಲಿ ಕಳ್ಳತನದಿಂದ ಮರ ಕಡಿದರು. ಬರ, ಹವೆಯ ಏರುಪೇರೂ ಸೇರಿತು. ಇನ್ನೊಂದು ಕಾರಣವನ್ನು ಆ ಹೊಲದ ರೈತರೇ ಹೇಳಿದರು. ಅಪ್ಪನ ಕಾಲದಲ್ಲಿ ಜೋಳ, ಸೋಯಾ ಸಾಲಿನ ನಡುವೆ ಕುಂಟೆ ಹೊಡೆಯುತ್ತಿದ್ದರಂತೆ. ಮಿಲ್ಕ್‌ವೀಡ್ ಮುರಿದರೂ ಬೇರಿನಿಂದ ಮತ್ತೆ ಚಿಗುರುತ್ತಿತ್ತು. 1996ರಿಂದ ಗ್ಲೈಫೋಸೇಟ್ ತಡೆದುಕೊಳ್ಳುವ ಸೋಯಾ, ಬೆನ್ನಿಗೇ ಮೆಕ್ಕೆಜೋಳ ಬಂತು. ಬೆಳೆ ಉಳಿಯಿತು, ಬೇರು ಸಮೇತ ಕಳೆ ಸತ್ತಿತು. "ಕಳೆ ಹೋದದ್ದು ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ" ಅಂದರು. ಅಂಚಿನ ಪಟ್ಟಿಗೆ ಈಗ ಅವರು ಸಿಂಪಡಿಸುವುದಿಲ್ಲ.

ನಾನೂ ಸಿಂಪಡಿಸಿದವನೇ. ಆಳು ಸಿಗದ ಮೇಲೆ ಆರು ವರ್ಷ ತೋಟದ ಬದಿ, ದರೆ, ದಾರಿಗೆಲ್ಲ ಕಳೆನಾಶಕ ಹೊಡೆದಿದ್ದೆ. ಅವರಿಗೆ ಏನೂ ಹೇಳಲು ಬಾಯಿ ಬರಲಿಲ್ಲ.

ನಮ್ಮಲ್ಲೂ ವಲಸೆ

ನಮ್ಮಲ್ಲೂ ಇದೇ ಬಳಗದ ಚಿಟ್ಟೆಗಳು ವಲಸೆ ಹೋಗುತ್ತವೆ. ಕಪ್ಪು ರೆಕ್ಕೆಯಲ್ಲಿ ನೀಲಿ ಪಟ್ಟೆಯ ಕಡುನೀಲಿ ಹುಲಿ ಚಿಟ್ಟೆ, ಕಂದು ಬಣ್ಣದ ಕಾಗೆ ಚಿಟ್ಟೆ ಇವು ಮುಂಗಾರಿನ ಮೊದಲು, ಏಪ್ರಿಲ್-ಜೂನಿನಲ್ಲಿ, ಘಟ್ಟದಿಂದ ಪೂರ್ವದ ಬಯಲಿಗೆ ಹಾರುತ್ತವೆ; ಮಳೆ ಕಳೆದ ಮೇಲೆ ಹಿಂದಿರುಗುತ್ತವೆ. ಗಿಜಿಗಿಜಿ ಗಿಡಕ್ಕೆ ಗುಂಪಾಗಿ ಮುತ್ತುವವು ಇವೇ. ಇವುಗಳಲ್ಲಿ ನೀಲಿ ಪಟ್ಟೆಯವುಗಳ ಹುಳುವಿಗೂ ಹಾಲು ಒಸರುವ ಬಳ್ಳಿಗಳೇ ಬೇಕು. ಆ ಬಳ್ಳಿ ಇರುವುದು ಬೇಲಿಯಲ್ಲಿ, ದರೆಯಲ್ಲಿ. ನಾವು ಮೊದಲು ಸಿಂಪಡಿಸುವುದೂ ಅಲ್ಲಿಗೇ!

ಬಂದ ಮೇಲೆ ಬೇಲಿಯುದ್ದಕ್ಕೂ ಆರಡಿ ಅಗಲ ಕಳೆನಾಶಕ ನಿಲ್ಲಿಸಿದ್ದೇನೆ. ವರ್ಷಕ್ಕೆರಡು ಸಲ ಯಂತ್ರದಲ್ಲಿ ಕೊಚ್ಚಿಸುತ್ತೇನೆ, ಬಳ್ಳಿ ಬಿಟ್ಟು. ಖರ್ಚು ಜಾಸ್ತಿ, ಸುಳ್ಳು ಹೇಳುವುದಿಲ್ಲ. ಕೊಚ್ಚಿದ ಸೊಪ್ಪು ಬುಡಕ್ಕೆ ಮುಚ್ಚಿಗೆಯಾಗುತ್ತದೆ, ಅಷ್ಟು ಲಾಭ.

ನಿಮ್ಮಲ್ಲೂ ಮುಂಗಾರಿನ ಮೊದಲು ಚಿಟ್ಟೆಗಳು ಒಂದೇ ದಿಕ್ಕಿಗೆ ಸಾಲುಸಾಲಾಗಿ ಹಾರುವುದು ಕಂಡರೆ ತಾರೀಕು, ಹೊತ್ತು, ದಿಕ್ಕು ಬರೆದಿಡಿ. ಎರಡು ಮರದ ನಡುವೆ ಐದು ನಿಮಿಷದಲ್ಲಿ ಎಷ್ಟು ದಾಟಿದವು ಎಣಿಸಿ. ಟ್ಯಾಗ್ ಬೇಡ, ಬಲೆಯೂ ಬೇಡ. ಮಳೆ ಲೆಕ್ಕ ಬರೆಯುವ ಪುಸ್ತಕವೇ ಸಾಕು.

ನನ್ನ ಇಪ್ಪತ್ತೈದು ನಂಬರುಗಳ ಪಟ್ಟಿ ದೇವರ ಕೋಣೆಯ ಕಪಾಟಿನಲ್ಲಿದೆ. ಮೆಕ್ಸಿಕೋದಲ್ಲಿ ಸಿಕ್ಕವುಗಳ ಪಟ್ಟಿಯನ್ನು ಮಗಳು ಆಗಾಗ ನೋಡುತ್ತಾಳೆ. ನಮ್ಮದು ಒಂದೂ ಇಲ್ಲ. ನೂರಕ್ಕೆ ಒಂದು ಸಿಗುವಲ್ಲಿ ಅದೇನು ಆಶ್ಚರ್ಯವಲ್ಲ. ಸಿಗಲಿಲ್ಲ ಅಂದರೆ ತಲುಪಲಿಲ್ಲ ಅಂತಲೂ ಅಲ್ಲವಲ್ಲ.