ಹಳೆ ಬಂದರಿನ ನೆನಪು ಅಳಿಯದಿರಲಿ

ಮಂಗಳೂರಿನ ಹಳೆ ಬಂದರಿನ ಸುತ್ತಮುತ್ತ ಒಮ್ಮೆ ನಡೆದು ನೋಡಿ. ರೊಸಾರಿಯೊ ಕೆಥೆಡ್ರಲಿನ ಗುಮ್ಮಟ, ಜೀನತ್ ಬಕ್ಷ್ ಜುಮ್ಮಾ ಮಸೀದಿಯ ಕೆತ್ತನೆಯ ಮರದ ಕಂಬಗಳು, ರಥಬೀದಿಯ ವೆಂಕಟರಮಣ ದೇವಸ್ಥಾನ ಎಲ್ಲವೂ ಸ್ವಲ್ಪ ದೂರದ ನಡಿಗೆಯಲ್ಲೇ ಎದುರಾಗುತ್ತವೆ. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಟ್ಟಿಗೇ ಕಿವಿಗೆ ಬೀಳುತ್ತವೆ. ಈ ನೆರೆಹೊರೆ ನಿನ್ನೆ ಮೊನ್ನೆಯದಲ್ಲ.

ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಶಿಯ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಇಲ್ಲಿ ನೆಲೆಸಿ ವ್ಯಾಪಾರ ನಡೆಸಿದ್ದನು. ಅವನ ಪತ್ರಗಳು ಕೈರೋದ ಯೆಹೂದಿ ಮಂದಿರವೊಂದರಲ್ಲಿ ಉಳಿದುಬಂದುದರಿಂದ ಈ ಸಂಗತಿ ಬೆಳಕಿಗೆ ಬಂತು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತನು, ಪರ್ಶಿಯ ಹಾಗೂ ಯೆಮೆನಿನ ವರ್ತಕರು ಇಲ್ಲಿ ಬಂದಿಳಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಜಪಮಾಲೆ ಮಾತೆಯ ಇಗರ್ಜಿ 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಸ್ಥಾಪನೆಯಾಯಿತು. 1834ರಲ್ಲಿ ಬಾಸೆಲ್ ಮಿಶನ್ ಬಂತು. 1865ರಲ್ಲಿ ಅದು ಆರಂಭಿಸಿದ ಹಂಚಿನ ಉದ್ಯಮವು ಮಂಗಳೂರಿನ ಹೆಸರನ್ನು ಕಡಲಾಚೆಗೆ ಒಯ್ದಿತು.

ನಮ್ಮ ಮಾತೇ ಈ ಕೂಡುಬಾಳ್ವೆಗೆ ಸಾಕ್ಷಿ. 'ಬಂದರು' ಎಂಬುದು ಪರ್ಶಿಯನ್ ಮೂಲದ ಶಬ್ದ. 'ಇಗರ್ಜಿ', 'ಮೇಜು', 'ಚಾವಿ'ಗಳು ಪೋರ್ಚುಗೀಸರ ಹಡಗಿನಲ್ಲಿ ಬಂದವುಗಳು.

ಈ ಪರಂಪರೆಯಲ್ಲಿ ಕಹಿಯೂ ಇದೆ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ನಮ್ಮ ಪೂರ್ವಜರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು, ಇಗರ್ಜಿಗಳು ನೆಲಸಮವಾದವು. 1799ರ ಬಳಿಕ, ಬದುಕಿ ಉಳಿದವರಲ್ಲಿ ಅನೇಕರು ಮರಳಿ ಬಂದು, ಅದೇ ನೆರೆಹೊರೆಯ ನಡುವೆ ಮತ್ತೆ ಒಲೆ ಹೊತ್ತಿಸಿದರು. ನೋವನ್ನು ಮರೆಮಾಚದೆ, ನೆರೆಯವರನ್ನೂ ತೊರೆಯದೆ ಬಾಳಿದ ಆ ಪಾಠವೇ ನಮಗೆ ದೊರೆತ ನಿಜವಾದ ಆಸ್ತಿ.

ಪಣಂಬೂರಿನಲ್ಲಿ 1974ರಲ್ಲಿ ನವಮಂಗಳೂರು ಬಂದರು ತಲೆಯೆತ್ತಿದ ಮೇಲೆ ದೊಡ್ಡ ಹಡಗುಗಳು ಅತ್ತ ಸಾಗಿದವು. ಹಳೆಯ ದಕ್ಕೆಗೆ ಮೀನುಗಾರಿಕೆಯೇ ಮುಖ್ಯ ಆಸರೆಯಾಯಿತು. ಹಂಚಿನ ಮಾಡಿನ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳುತ್ತಿವೆ. ಮಂಜಿಗಳಿಗೆ ಸರಕು ಹೇರಿದವರ ನೆನಪುಗಳೂ ಅವರೊಡನೆಯೇ ಮಣ್ಣಾಗುತ್ತಿವೆ.

ರಾಜ್ಯದಲ್ಲಿ ಕೊಂಕಣಿಗೆ 1994ರಲ್ಲಿ, ಬ್ಯಾರಿಗೆ 2009ರಲ್ಲಿ ಅಕಾಡೆಮಿಗಳು ಸ್ಥಾಪನೆಯಾದುದು ಸಂತೋಷದ ಸಂಗತಿ. ಆದರೆ ನಮ್ಮ ಅಜ್ಜಿಯ ನೆನಪನ್ನು ಬರೆದಿಡುವ ಕೆಲಸವನ್ನು ಅಕಾಡೆಮಿಗೆ ಒಪ್ಪಿಸಿ ಕುಳಿತುಕೊಳ್ಳಲಾದೀತೇ? ಮೊಂತಿ ಹಬ್ಬದಂದು ಹೊಸ ಅಕ್ಕಿಯ ಊಟಕ್ಕೆ ಮನೆಮಂದಿಯೆಲ್ಲ ಕೂಡುತ್ತೇವೆ. ಊಟದ ಬಳಿಕ ಒಂದು ಗಳಿಗೆ ಹಿರಿಯರ ಬಳಿ ಕುಳಿತು, ಅವರ ಮಾತನ್ನು ಬರೆದುಕೊಳ್ಳೋಣ. ಹಳೆಯ ಭಾವಚಿತ್ರಗಳ ಹಿಂದೆ ಹೆಸರು, ಇಸವಿಗಳನ್ನು ಗುರುತಿಸೋಣ. ಅದರಲ್ಲಿ ನಮ್ಮವರ ಹೆಸರಿನ ಜೊತೆಗೆ, ಕಷ್ಟಕಾಲದಲ್ಲಿ ಬಾಗಿಲು ತಟ್ಟಿದಾಗ ಓಗೊಟ್ಟ ನೆರೆಮನೆಯವರ ಹೆಸರೂ ಇರಲಿ.